ಜಾನುವಿಗೆ ಯಾರು ಹೇಳುವುದು

ಜಾನು ನಮ್ಮ ಮನೆಗೆ ಬಂದು ಉಳಿದ ವರ್ಷ ನಡುಮನೆಯ ಅರ್ಧದಷ್ಟು ಜಾಗದಲ್ಲಿ ಬಿತ್ತನೆ ಶುಂಠಿಯ ರಾಶಿ ಬಿದ್ದಿತ್ತು. ಕುಶಾಲನಗರದಿಂದ ಹಾರಂಗಿಗೆ ಹೋಗುವ ದಾರಿಯಲ್ಲಿ, ನಾಲೆಯ ಏರಿ ಇಳಿದರೆ ಸಿಗುವ ಮನೆ ನಮ್ಮದು. ಮುಂದಕ್ಕೆ ಹೆಂಚು, ಹಿಂದಿನ ಅಡುಗೆಮನೆಗೆ ಶೀಟು. ಬೇರೆ ವರ್ಷಗಳಲ್ಲಿ ಶುಂಠಿ ಶೆಡ್ಡಿನಲ್ಲಿರುತ್ತಿತ್ತು, ನಾಟಿಗೆ ಆಳುಗಳು ಬರುತ್ತಿದ್ದರು. ಆ ವರ್ಷ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಅಪ್ಪ, ಅಮ್ಮ, ನಾನು ಮೂವರೇ ನಡುಮನೆಯಲ್ಲಿ ಕೂತು ಶುಂಠಿಯನ್ನು ಮೊಳಕೆ ನೋಡಿ ತುಂಡು ಮಾಡುತ್ತಿದ್ದೆವು. ಉಂಡ ಅನ್ನಕ್ಕೂ ಹೊದ್ದ ಕಂಬಳಿಗೂ ಅದರದೇ ವಾಸನೆ. ನನ್ನ ಶಾಲೆಗೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಅಪ್ಪನ ಫೋನಿನಲ್ಲಿ ಪಾಠ ಬರುತ್ತಿತ್ತು, ಸಿಗ್ನಲ್ಲು ಮಾತ್ರ ಏರಿಯ ಮೇಲೆ ಹೋಗಿ ನಿಂತರೆ ಸಿಗುತ್ತಿತ್ತು. ಟಿವಿ ಹಾಕಿದರೆ ಆಮ್ಲಜನಕದ ಸಿಲಿಂಡರು ಹಿಡಿದುಕೊಂಡು ಓಡುವ ಜನ, ಸಾಲಾಗಿ ಉರಿಯುವ ಚಿತೆಗಳು. ಇಡೀ ದೇಶ ಉಸಿರಿಗಾಗಿ ಒದ್ದಾಡುತ್ತಿದ್ದ ದಿನಗಳವು. ಅಜ್ಜಿ ಒಂದು ಸಂಜೆ ಟಿವಿಯ ವೈರು ಕಿತ್ತು ಸುತ್ತಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟುಬಿಟ್ಟರು.

ಅಜ್ಜಿ ಅಪ್ಪನ ತಾಯಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬೆಳಗಿನ ಪೂಜೆಯಾಗದೆ ನೀರು ಕೂಡ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಏನು ಬೇಯಬೇಕು, ಯಾರು ಯಾವಾಗ ತವರಿಗೆ ಹೋಗಬೇಕು, ಯಾವ ಗದ್ದೆಗೆ ಶುಂಠಿ, ಯಾವುದಕ್ಕೆ ಭತ್ತ ಎಲ್ಲವೂ ಅವರ ಮಾತಿನ ಮೇಲೆ ನಡೆಯುತ್ತಿತ್ತು. ಅಮ್ಮ ಹಾಸನದ ಕಡೆಯವಳು. ಅತ್ತೆಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಕುಶಾಲನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋಗುತ್ತಿದ್ದರು. ಅವರ ಹೆಂಡತಿ ಪವಿತ್ರ ಚಿಕ್ಕಮ್ಮ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದರು. ಜಾನು ಅವರ ಒಬ್ಬಳೇ ಮಗಳು, ಐದು ವರ್ಷದವಳು. ಚಿಕ್ಕಮ್ಮನಿಗೆ ನಾಲಿಗೆ ಚುರುಕು, ಕೈಯೂ ಚುರುಕು. ಮಗಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಕತ್ತೆ, ಕೋತಿ, ದರಿದ್ರದ್ದೇ ಅಂತಲೇ ಕೂಗುತ್ತಿದ್ದರು. ಜಾನು ಅದಕ್ಕೆಲ್ಲ ಓ ಅನ್ನುತ್ತಾ ಓಡುತ್ತಿದ್ದಳು.

ಎಲ್ಲ ಅಂಗಡಿ ಮುಚ್ಚಿದ್ದಾಗಲೂ ಮೆಡಿಕಲ್ ಶಾಪು ತೆರೆದೇ ಇತ್ತು. ಚಿಕ್ಕಮ್ಮನಿಗೆ ಜ್ವರ ಬಂತು, ಮೂರು ದಿನದಲ್ಲಿ ದಮ್ಮು ಹತ್ತಿತು. ಮಡಿಕೇರಿಯ ಆಸ್ಪತ್ರೆಗೆ ಹೋಗುವ ಮೊದಲು ಆಟೋವನ್ನು ನಮ್ಮ ಮನೆಯ ದಾರಿಗೆ ತಿರುಗಿಸಿಕೊಂಡು ಬಂದು ಜಾನುವನ್ನು ಇಳಿಸಿದರು. ಚಿಕ್ಕಪ್ಪ ಬಟ್ಟೆಯ ಬ್ಯಾಗನ್ನು ಗೇಟಿನ ಹೊರಗೇ ಇಟ್ಟು ದೂರ ಸರಿದು ನಿಂತರು. ಚಿಕ್ಕಮ್ಮ ಆಟೋದೊಳಗೆ ಒರಗಿ ಕೂತಿದ್ದರು, ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

"ದೊಡ್ಡಮ್ಮನ ಮಾತು ಕೇಳೇ ಕತ್ತೆ. ಹಟ ಗಿಟ ಮಾಡಿದ್ರೆ ಬಂದು ಬಾರಿಸ್ತೀನಿ. ಬರ್ತೀನಿ ಕಣೇ."

ಮೊದಮೊದಲು ವಿಡಿಯೋ ಕಾಲ್ ಬರುತ್ತಿತ್ತು. ಅಪ್ಪ ಜಾನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಏರಿ ಹತ್ತುತ್ತಿದ್ದರು. ಆಸ್ಪತ್ರೆಯ ಮಂಚದ ಮೇಲಿಂದ ಚಿಕ್ಕಮ್ಮ, ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡೇ, ತಲೆ ಬಾಚಿಲ್ವೇನೇ ಕೋತಿ ಎಂದು ಗದರುತ್ತಿದ್ದರು. ಆಮೇಲೆ ಕಾಲ್ ನಿಂತಿತು. ಒಂದು ಬೆಳಿಗ್ಗೆ ಅಪ್ಪ ಏರಿಯಿಂದ ಒಬ್ಬರೇ ಇಳಿದು ಬಂದು ನಡುಮನೆಯಲ್ಲಿ ಶುಂಠಿಯ ರಾಶಿಯ ಮೇಲೇ ಕುಸಿದು ಕೂತರು. ಅಜ್ಜಿಗೆ ಅರ್ಥವಾಯಿತು. ಕೂಗಲು ಬಾಯಿ ತೆರೆದವರು ಬಾಗಿಲಲ್ಲಿ ಜಾನು ನಿಂತಿದ್ದನ್ನು ಕಂಡು ಸೆರಗನ್ನು ಬಾಯಿಗೆ ತುರುಕಿಕೊಂಡರು. ಆ ಕೂಗು ಹೊರಗೆ ಬರಲೇ ಇಲ್ಲ. ನನ್ನ ಕೈಗೆ ಜಾನುವಿನ ಕೈ ಕೊಟ್ಟು, ಹೋಗ್ರವ್ವಾ, ನಾಲೆ ತಾವ ಹೋಗಿ ಮೀನು ನೋಡ್ಕೊಂಡು ಬನ್ನಿ ಎಂದರು. ನನಗೆ ಹದಿಮೂರು. ಏನಾಯಿತೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನಾವು ಹಿಂದಿರುಗಿದಾಗ ಅಡುಗೆಮನೆಯಲ್ಲಿ ಮಾತು ನಡೆದಿತ್ತು. ಜಾನು ಜಗಲಿಯಲ್ಲಿ ಬೆಕ್ಕಿನ ಹಿಂದೆ ಹೋದಳು. ನಾನು ಒಳಗಿನ ಬಾಗಿಲ ಬಳಿ ನಿಂತೆ.

"ಮಗೀಗೆ ಹೇಳ್ಬೇಕು ಅತ್ತೆ," ಎಂದಳು ಅಮ್ಮ.

"ಯಾರಿಗೆ? ಅದಕ್ಕಾ? ಅದಕ್ಕೇನು ಗೊತ್ತಾಯ್ತದೆ? ಅದರ ಅಪ್ಪನೂ ಆಸ್ಪತ್ರೇಲಿ ಬಿದ್ದವ್ನೆ. ಅವ್ನು ಹುಷಾರಾಗಿ ಬರ್ಲಿ. ಅಲ್ಲೀಗಂಟ ಯಾರೂ ಬಾಯಿ ಬಿಡಕೂಡ್ದು."

"ಬೇರೆ ಯಾರಾದ್ರೂ ಬಾಯಿತಪ್ಪಿ ಅಂದ್ಬಿಟ್ರೆ?"

"ಯಾರು ಬತ್ತಾರೆ ಈಗ ನಮ್ಮನೇಗೆ?"

ಅದು ನಿಜವೇ. ಯಾರೂ ಬರುತ್ತಿರಲಿಲ್ಲ. ಸಾವಿನ ಮನೆಗೆ ಅಳಲು ನಾಲ್ಕು ಜನ ಬಾರದ ಕಾಲವದು. ಚಿಕ್ಕಪ್ಪನೂ ಪಾಸಿಟಿವ್ ಆಗಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು, ಅಪ್ಪನಿಗೆ ಹೋಗಲು ಪಾಸು ಸಿಗಲಿಲ್ಲ. ನಮ್ಮವರು ಸುಡುವವರಲ್ಲ. ಹೆಣವನ್ನು ಕೂರಿಸಿ, ಲಿಂಗವನ್ನು ಕೈಯಲ್ಲಿಟ್ಟು, ವಿಭೂತಿ ತುಂಬಿ ಮಣ್ಣು ಮಾಡುವವರು. ಅಜ್ಜನ ಸಮಾಧಿ ನಮ್ಮ ಗದ್ದೆಯ ಮೂಲೆಯಲ್ಲೇ ಇದೆ. ಆದರೆ ಹೊತ್ತು ತರಲು, ಗುಂಡಿ ತೋಡಲು ಜನ ಎಲ್ಲಿದ್ದರು? ಹೇಗಾದರೂ ಮಾಡಿ ಎಂದು ಚಿಕ್ಕಪ್ಪ ಮಂಚದಿಂದಲೇ ಒಪ್ಪಿಗೆ ಕೊಟ್ಟರಂತೆ. ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟ, ಮುಖ ಕಾಣದ ಹುಡುಗರು ಚಿಕ್ಕಮ್ಮನನ್ನು ಮಡಿಕೇರಿಯಲ್ಲಿ ಸುಟ್ಟರು.

ಚಿಕ್ಕಪ್ಪ ಗುಣವಾಗಿ ಬಂದ ದಿನ ಅವರ ಕೈಯಲ್ಲಿ ಬಟ್ಟೆ ಕಟ್ಟಿದ ಪುಟ್ಟ ಮಡಕೆಯಿತ್ತು. ಬೇಲಿಯ ಆಚೆ ನಿಂತರು, ಒಳಗೆ ಬರಲಿಲ್ಲ. ಜಾನು ಕೊಟ್ಟಿಗೆಯ ಹಿಂದೆ ಆಡುತ್ತಿದ್ದಳು. ಅಜ್ಜಿ ಬೇಲಿಯ ಬಳಿ ಹೋಗಿ ಆ ಮಡಕೆಯನ್ನು ನೋಡಿದರು.

"ನಮ್ಮೋರಲ್ಲಿ ಬೂದಿ ಅನ್ನೋದೇ ಇಲ್ವಲ್ಲೋ ಮಗಾ. ಇದನ್ನ ನಾನೇನು ಮಾಡ್ಲಿ?"

ಅಪ್ಪ ಹಾರೆ ತೆಗೆದುಕೊಂಡು ಹೋಗಿ ಅಜ್ಜನ ಸಮಾಧಿಯ ಪಕ್ಕದಲ್ಲಿ ಅಗೆದರು. ಅಜ್ಜಿ ಒಂದು ಹಿಡಿ ವಿಭೂತಿ ಹಾಕಿದರು. ಮೇಲೆ ನಾಲ್ಕು ಕಲ್ಲು. ಮಗಳನ್ನು ನೋಡು ಬಾ ಎಂದು ಅಮ್ಮ ಕರೆದರೆ, ಬೇಡ ಅತ್ತಿಗೆ, ನನ್ನ ಮುಖ ನೋಡಿದ್ರೆ ಅವ್ಳಿಗೆ ಗೊತ್ತಾಗ್ಬಿಡ್ತದೆ ಎಂದು ಚಿಕ್ಕಪ್ಪ ಬಂದ ಬೈಕಿನಲ್ಲೇ ಹೊರಟುಹೋದರು. ಆಮೇಲೆ ಎಷ್ಟೋ ವಾರ ಅವರು ಬರಲಿಲ್ಲ. ಹೀಗೆ ಜಾನುವಿಗೆ ತಾಯಿಯ ಜೊತೆಗೆ ತಂದೆಯೂ ಇಲ್ಲದಂತಾಯಿತು.

ಜಾನು ದಿನಾ ಕೇಳುತ್ತಿದ್ದಳು. ಅಮ್ಮ ಯಾವಾಗ ಬರ್ತಾಳೆ? ಅಜ್ಜಿ, ಜ್ವರ ಇಳೀಲಿ, ಬತ್ತಾಳೆ ಅನ್ನುವರು. ಅಪ್ಪ, ರಸ್ತೆ ಬಂದ್ ಆಗಿದೆ ಮಗಾ ಅನ್ನುವರು. ನನ್ನನ್ನು ಕೇಳಿದರೆ ನಾನು ಅಜ್ಜಿ ಹೇಳಿಕೊಟ್ಟಂತೆ, ಡಾಕ್ಟ್ರು ಇನ್ನೂ ಬಿಟ್ಟಿಲ್ವಂತೆ ಅನ್ನುತ್ತಿದ್ದೆ. ನನ್ನ ಅಮ್ಮನನ್ನು ಕೇಳಿದರೆ ಮಾತ್ರ ಅಮ್ಮ ಎದ್ದು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಕೆಲವು ದಿನಗಳ ಮೇಲೆ ಜಾನು ಅಮ್ಮನನ್ನು ಕೇಳುವುದನ್ನು ಬಿಟ್ಟಳು. ಊಟವನ್ನೂ ಬಿಟ್ಟಳು. ಮುದ್ದೆ ಕಂಡರೆ ಬಾಯಿ ಬಿಗಿಯುತ್ತಿದ್ದಳು, ರೊಟ್ಟಿ ಚೂರು ಮಾಡಿ ಬೆಕ್ಕಿಗೆ ಹಾಕುತ್ತಿದ್ದಳು. ಎಂದೋ ನಿಂತಿದ್ದ ಅಭ್ಯಾಸ ಮರಳಿ ಹಾಸಿಗೆ ಒದ್ದೆಯಾಗತೊಡಗಿತು. ಅಂಗನವಾಡಿಯ ಟೀಚರು ಊರಿನ ಸಣ್ಣ ಮಕ್ಕಳಿಗೆಂದು ಹೆಸರುಕಾಳು, ಬೆಲ್ಲ, ಮೊಟ್ಟೆಗಳನ್ನು ಮನೆಮನೆಯ ಗೇಟಿಗೆ ತಂದಿಟ್ಟು ಹೋಗುತ್ತಿದ್ದರು. ನಮ್ಮ ಮನೆಗೆ ಮೊಟ್ಟೆ ಬಂದದ್ದೇ ಇಲ್ಲ. ಅದನ್ನು ಅಜ್ಜಿ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಒಂದು ದಿನ ಜಾನು ಟೀಚರ ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿ, ನಮ್ಮನೇಲಿ ಅಮ್ಮ ಕೊಡ್ತಿದ್ಲು ಎಂದಳು. ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೇರೆ ಕಡೆ ತಿರುಗಿ ನಿಂತು ಹೇಳಿದರು:

"ಹಿತ್ಲಲ್ಲಿ ಮೂರು ಕಲ್ಲು ಹೂಡಿ ಬೇಯ್ಸು. ಪಾತ್ರೆ ಬ್ಯಾರೆ ಇಡು. ಮಗು ಉಣ್ಲಿ."

ಅಜ್ಜಿಯ ಪ್ರೀತಿ ದೊಡ್ಡದೇ. ಜೀವಮಾನವೆಲ್ಲ ನಡೆಸಿಕೊಂಡು ಬಂದ ನೇಮವನ್ನು ಅವರು ಒಂದು ಮಾತಿನಲ್ಲಿ ಬಿಟ್ಟುಕೊಟ್ಟರು, ಆದರೆ ಆ ಸುಳ್ಳನ್ನು ಬಿಟ್ಟುಕೊಡಲಿಲ್ಲ. ಜಾನು ಮೊಟ್ಟೆಯನ್ನು ಅರ್ಧ ತಿಂದು, ಉಳಿದರ್ಧ ಅಮ್ಮಂಗೆ ಎಂದು ಎತ್ತಿಟ್ಟಳು. ಅದನ್ನು ಕಂಡು ಅಜ್ಜಿಗೆ ಇನ್ನೊಂದು ಉಪಾಯ ಹೊಳೆಯಿತು. ಚಿಕ್ಕಮ್ಮನಿಗೆ ಶೀಲಾ ಎಂಬ ತಂಗಿ ಇದ್ದರು. ಅಕ್ಕತಂಗಿಯರ ದನಿ ಎಷ್ಟು ಒಂದೇ ಥರವೆಂದರೆ ಫೋನಿನಲ್ಲಿ ಚಿಕ್ಕಪ್ಪನೇ ಎಷ್ಟೋ ಸಲ ಮೋಸಹೋಗಿದ್ದರು. ಅವರಿಂದ ಒಂದು ಸಲ ಮಾತಾಡಿಸಿದರೆ ಮಗು ನೆಮ್ಮದಿಯಾಗಿ ಉಣ್ಣುತ್ತದೆ ಎಂದರು ಅಜ್ಜಿ.

"ಅತ್ತೆ, ಇದು ಬೇಡ. ಕೈಮುಗೀತೀನಿ," ಎಂದಳು ಅಮ್ಮ.

"ಮಗು ಸೊರಗಿ ಸತ್ತೋದ್ರೆ ನೀನು ಜವಾಬ್ದಾರಳಾ?"

ಅಪ್ಪ ನೆಲ ನೋಡುತ್ತಾ ನಿಂತರು. ಶೀಲಾ ಆಂಟಿ ಮೊದಲು ಆಗುವುದೇ ಇಲ್ಲ ಎಂದರಂತೆ, ಆಮೇಲೆ ಮಗುವಿಗಾಗಿ ಒಪ್ಪಿದರು. ಒಂದು ಸಂಜೆ ನಾವೆಲ್ಲ ಏರಿಯ ಮೇಲೆ ನಿಂತಿದ್ದಾಗ ಫೋನು ರಿಂಗಾಯಿತು. ವಿಡಿಯೋ ಇಲ್ಲ, ದನಿ ಮಾತ್ರ. ಜಾನು ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಜಾನು... ಬಂಗಾರಾ... ಊಟ ಮಾಡಿದ್ಯಾ ಚಿನ್ನ? ಅಮ್ಮ ಬೇಗ ಬರ್ತೀನಿ, ಆಯ್ತಾ? ನೀನು ಜಾಣೆ ಅಲ್ವಾ?"

ದನಿ ಥೇಟ್ ಚಿಕ್ಕಮ್ಮನದೇ. ಜಾನು ಹೂಂ ಅಂದಳು, ಮತ್ತೆ ಹೂಂ ಅಂದಳು. ಆಚೆಯಿಂದ ದನಿ ಒಡೆಯುವ ಹೊತ್ತಿಗೆ ಅಪ್ಪ ಫೋನು ತೆಗೆದುಕೊಂಡರು. ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು, ನೋಡ್ದಾ, ಅಮ್ಮ ಮಾತಾಡಿದ್ಲಾ ಎಂದರು. ಜಾನು ಅಜ್ಜಿಯ ಕೈ ತೆಗೆದಳು. ಏರಿ ಇಳಿಯುವಾಗ ನನ್ನ ಕೈ ಹಿಡಿದಿದ್ದವಳು ಮೆಲ್ಲಗೆ ಹೇಳಿದಳು:

"ಅಕ್ಕಾ, ಅದು ಅಮ್ಮ ಅಲ್ಲ. ಶೀಲಾ ಆಂಟಿ. ಬೈಲೇ ಇಲ್ಲ."

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಆಗ ಅಕ್ಕಿ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಅತ್ತೆಯನ್ನೂ ಕೇಳದೆ, ಅಪ್ಪನನ್ನೂ ಕೇಳದೆ ಹಿತ್ತಲಿಗೆ ಹೋದಳು. ಜಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಮ್ಮ ಅವಳ ಮುಂದೆ ನೆಲಕ್ಕೆ ಕೂತಳು, ಇಬ್ಬರ ಮುಖವೂ ಸಮಕ್ಕೆ ಬರುವ ಹಾಗೆ.

"ಜಾನು, ನಿಮ್ಮಮ್ಮ ತೀರ್ಕೊಂಡ್ಲು ಮಗಾ."

"ತೀರ್ಕೊಂಡ್ಲು ಅಂದ್ರೆ?"

"ಸತ್ತೋದ್ಲು. ಜ್ವರ ಜಾಸ್ತಿ ಆಗಿ ಉಸಿರಾಡಕ್ಕೆ ಆಗ್ಲಿಲ್ಲ. ಇನ್ನು ಬರಲ್ಲ."

"ಡಾಕ್ಟ್ರು ಬಿಟ್ಟಿಲ್ಲ ಅಂದ್ರಲ್ಲ?"

"ಅದು ಸುಳ್ಳು. ನಾವು ಸುಳ್ಳು ಹೇಳಿದ್ವಿ."

"ಎಲ್ರೂನಾ?"

"ಎಲ್ರೂ."

ಜಾನು ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. "ಅಕ್ಕಾನೂ?"

"ಹೂಂ. ನಾವೇ ಅವಳ ಕೈಲಿ ಹೇಳಿಸಿದ್ದು," ಎಂದಳು ಅಮ್ಮ.

ಜಾನು ಅಳಲಿಲ್ಲ. ಎಲ್ಲಿದ್ದಾಳೆ, ತೋರಿಸು ಎಂದಳು. ಅಮ್ಮ ಅವಳನ್ನು ಸೊಂಟಕ್ಕೆತ್ತಿಕೊಂಡು ಗದ್ದೆಯ ಮೂಲೆಗೆ ನಡೆದಳು, ನಾನು ಹಿಂದೆ ಹೋದೆ. ಅಜ್ಜನ ಸಮಾಧಿ ದೊಡ್ಡದಾಗಿ ಕಟ್ಟಿದ್ದು, ಮೇಲೆ ಪುಟ್ಟ ಬಸವಣ್ಣನ ಕಲ್ಲು. ಪಕ್ಕದಲ್ಲಿ ಒಂದು ಮೊರದಗಲ ಕೂಡ ಇರದ ಜಾಗದಲ್ಲಿ ನಾಲ್ಕು ಕಲ್ಲು. ಜಾನು ಅದನ್ನು ನೋಡಿದಳು, ಅಜ್ಜನದನ್ನು ನೋಡಿದಳು.

"ಇಷ್ಟೇನಾ? ಇದ್ರಲ್ಲಿ ಅಮ್ಮ ಹೆಂಗೆ ಹಿಡಿಸ್ತಾಳೆ?"

ಅಮ್ಮ ಅವಳನ್ನು ಕೆಳಗಿಳಿಸಿದಳು. ಸುಟ್ಟದ್ದನ್ನೂ, ಯಾಕೆ ಸುಡಬೇಕಾಯಿತೆಂಬುದನ್ನೂ, ಸುಟ್ಟಮೇಲೆ ಉಳಿಯುವುದು ಅಷ್ಟೇ ಎಂಬುದನ್ನೂ ಒಂದೊಂದಾಗಿ ಹೇಳಿದಳು. ಯಾವುದನ್ನೂ ಮುಚ್ಚಲಿಲ್ಲ. ಅಷ್ಟರಲ್ಲಿ ಅಜ್ಜಿ ಓಡುತ್ತಾ ಬಂದರು. ಏನು ಮಾಡ್ಬಿಟ್ಟೆ ಸುಮಾ, ಏನು ಮಾಡ್ಬಿಟ್ಟೆ ಎಂದು ಅಮ್ಮನ ಮುಂದೆ ಬಡಬಡಿಸುತ್ತಾ ಮಗುವನ್ನು ಎತ್ತಿಕೊಳ್ಳಲು ಹೋದರು. ಜಾನು ಅಜ್ಜಿಯ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. ಆಮೇಲೆ ಅವಳ ಅಳು ಬಂತು. ನಾಲೆಯ ಆಚೆಗೂ ಕೇಳುವಂಥ ಅಳು. ಅಜ್ಜಿಯೂ ಅವತ್ತು ನುಂಗಿಕೊಂಡಿದ್ದ ಕೂಗನ್ನು ಅಲ್ಲೇ ಕಲ್ಲುಗಳ ಮುಂದೆ ಕೂತು ಹೊರಗೆ ಬಿಟ್ಟರು.

ಹೇಳಿದ ಮೇಲೆ ಎಲ್ಲ ಸರಿಹೋಯಿತು ಎಂದರೆ ಅದೂ ಒಂದು ಸುಳ್ಳಾಗುತ್ತದೆ. ಜಾನು ಊಟಕ್ಕೆ ಬಂದಳು, ಆದರೆ ನಮ್ಮ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಸಾರಿಗೆ ಖಾರ ಹಾಕಿಲ್ಲ ಎಂದರೆ ನಿಜವಾ ಅನ್ನುವಳು. ಹೊರಗೆ ಮಳೆ ಬರುತ್ತಿದೆ ಎಂದರೆ ಎದ್ದು ಹೋಗಿ ಕೈಚಾಚಿ ನೋಡಿ ಬರುವಳು. ಅವಳಿಗೆ ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು 'ಬರ್ತೀನಿ' ಎಂಬ ಮಾತಿಗೆ. ಹೊರಗೆ ಹೋಗುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಅದು ಅಪಶಕುನ. ಬರ್ತೀನಿ ಎಂದೇ ಹೋಗುತ್ತಾರೆ. ಅಪ್ಪ ಗೊಬ್ಬರ ತರಲು ಬೈಕ್ ಹತ್ತಿ ಬರ್ತೀನಿ ಅಂದರೆ ಜಾನು ಹಿಂದಿನ ಹಿಡಿ ಹಿಡಿದು ಎಳೆದು ಕಿರುಚುತ್ತಿದ್ದಳು.

"ಬರ್ತೀನಿ ಅನ್ಬೇಡ! ಹೋಗ್ತೀನಿ ಅನ್ನು! ಹೋಗ್ತಿದೀಯ ತಾನೆ? ಹೋಗ್ತೀನಿ ಅನ್ನು!"

ಅಪ್ಪನಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಕೊನೆಗೆ ಅಮ್ಮ ಒಂದು ದಾರಿ ಮಾಡಿದಳು. ಯಾರೇ ಹೊರಡಲಿ, ಎಲ್ಲಿಗೆ, ಯಾತಕ್ಕೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಜಾನುವಿಗೆ ಹೇಳಬೇಕು, ಹೇಳಿದ ಹೊತ್ತಿಗೆ ಬರಬೇಕು. ತಡವಾಗುವಂತಿದ್ದರೆ ಅದನ್ನೂ ಮೊದಲೇ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಕೇಳಲು ಇದು ಸುಲಭ. ಒಂದು ಮನೆಯವರೆಲ್ಲ ದಿನದಿನವೂ ಹೀಗೆ ನಡೆಯುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಮಕ್ಕಳಿಗೆ ನಾವು ದಿನಕ್ಕೆ ಎಷ್ಟೊಂದು ಸಣ್ಣ ಸುಳ್ಳು ಹೇಳುತ್ತೇವೆಂದು ತಿಳಿದದ್ದೂ ಆಗಲೇ. ಚಿಕ್ಕಪ್ಪ ಒಂದು ಭಾನುವಾರ ಬರುವೆನೆಂದು ಹೇಳಿ ಬಾರದಿದ್ದಾಗ ಅಮ್ಮ ಏರಿಯ ಮೇಲೆ ನಿಂತು ಫೋನಿನಲ್ಲಿ ಅವರನ್ನು ಬೈದಳು. ನಿನ್ನ ದುಃಖ ನಿನಗಿರಲಿ, ಅವಳ ಮುಂದೆ ಬಂದು ಅಳು ಎಂದಳು. ಮುಂದಿನ ಭಾನುವಾರ ಅವರು ಬಂದರು. ಜಾನು ಬಾಗಿಲ ಹಿಂದೆ ನಿಂತು ಅವರನ್ನು ನೋಡಿದಳು, ಹತ್ತಿರ ಬರಲಿಲ್ಲ. ಹತ್ತಿರ ಬರಲು ಅವಳಿಗೆ ಮಳೆಗಾಲ ಪೂರ್ತಿ ಬೇಕಾಯಿತು. ಅದೇ ಮಳೆಗಾಲದಲ್ಲಿ ಚಿಕ್ಕಪ್ಪ ಬಾಡಿಗೆ ಮನೆ ಬಿಟ್ಟು ನಮ್ಮ ಮನೆಗೇ ಬಂದರು.

ಅಜ್ಜಿಯ ಜೊತೆ ಜಾನು ಮಾತು ಬಿಟ್ಟಿದ್ದಳು. ಒಂದೇ ಮನೆಯಲ್ಲಿದ್ದೂ, ಒಂದೇ ಸಾಲಿನಲ್ಲಿ ಕೂತು ಉಂಡೂ ಮಾತಿಲ್ಲ. ಅಜ್ಜಿ ಬಡಿಸಿದರೆ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುವಳು. ಶಾಲೆ ತೆರೆದು ಅವಳನ್ನು ಒಂದನೇ ತರಗತಿಗೆ ಸೇರಿಸಿದಾಗ ಒಳಗೆ ಹೋಗಲು ಒಪ್ಪಲಿಲ್ಲ. ತಾನು ಒಳಗಿರುವಾಗ ಹೊರಗಿನವರು ಸತ್ತುಹೋದರೆ? ಬೇರೆ ಯಾರಿಗೂ ಗದ್ದೆ ಬಿಟ್ಟು ಕೂರಲು ಆಗುವಂತಿರಲಿಲ್ಲ. ಅಜ್ಜಿ ಬೆಳಗಿನ ಪೂಜೆ ಮುಗಿಸಿ, ಒಂದು ಗೋಣಿ ತುಂಡು ಹಿಡಿದುಕೊಂಡು ಹೋಗಿ ಶಾಲೆಯ ಜಗಲಿಯಲ್ಲಿ, ಒಂದನೇ ತರಗತಿಯ ಕಿಟಕಿಗೆ ಕಾಣುವ ಹಾಗೆ ಕೂತರು. ಗಂಟೆ ಹೊಡೆಯುವ ತನಕ ಎದ್ದು ಹೋಗಲಿಲ್ಲ. ಮಾರನೆಯ ದಿನವೂ ಹೋದರು, ಅದರ ಮಾರನೆಯ ದಿನವೂ ಹೋದರು. ಇಬ್ಬರೂ ಮಾತಿಲ್ಲದೆ ಹೋಗಿ ಮಾತಿಲ್ಲದೆ ಬರುತ್ತಿದ್ದರು. ಒಂದು ಮಧ್ಯಾಹ್ನ ಅಜ್ಜಿ ಬರುವ ದಾರಿಯಲ್ಲಿ ನಿಂತು, ನಾನು ನಿಂಗೆ ಸುಳ್ಳು ಹೇಳ್ದೆ ಕಣವ್ವಾ, ತಪ್ಪಾಯ್ತು ಎಂದರಂತೆ. ಜಾನು ಅವರ ಕೈಯಿಂದ ಗೋಣಿ ತುಂಡನ್ನು ತೆಗೆದುಕೊಂಡು ತಾನು ಹೊತ್ತುಕೊಂಡು ಬಂದಳಂತೆ. ಅಜ್ಜಿ ಇದನ್ನು ಅಮ್ಮನಿಗೆ ಹೇಳುವಾಗ ಕಣ್ಣು ಒರೆಸಿಕೊಳ್ಳಲೂ ಮರೆತಿದ್ದರು.

ಜಾನು ನಾಲ್ಕನೇ ತರಗತಿಯಲ್ಲಿದ್ದಾಗ ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿರುವುದು ಗೊತ್ತಾಯಿತು. ಅವರನ್ನು ಮೈಸೂರಿಗೆ ಕರೆದೊಯ್ದು ತೋರಿಸಿಕೊಂಡು ಬಂದ ಅಪ್ಪ, ಚಿಕ್ಕಪ್ಪ ಜಗಲಿಯಲ್ಲಿ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಜ್ಜಿ ಒಳಗಿನಿಂದಲೇ ಇಬ್ಬರನ್ನೂ ಕೂಗಿ ಕರೆದು ವಿಷಯ ಹೇಳಿಸಿಕೊಂಡರು. ಕೇಳಿದ ಮೇಲೆ, ಜಾನೂನ ಕರೀರಿ ಎಂದರು.

"ಬೇಡ ಅವ್ವ. ಮಗು ಅದು," ಎಂದರು ಚಿಕ್ಕಪ್ಪ.

"ಮಗು ಅಂದ್ಕೊಂಡೇ ಅವತ್ತು ನಾವು ಕೆಟ್ಟಿದ್ದು. ಕರಿ."

ಜಾನು ಬಂದು ಮಂಚದ ತುದಿಯಲ್ಲಿ ಕೂತಳು. ಚಿಕ್ಕಪ್ಪ ಅಲ್ಲಿ ನಿಲ್ಲಲಾರದೆ ಹೊರಗೆ ಹೋದರು.

"ನಾನು ಸಾಯ್ತೀನಿ ಕಣವ್ವಾ. ಡಾಕ್ಟ್ರು ಹೇಳವ್ರೆ."

"ಯಾವಾಗ?"

"ಅದು ಗೊತ್ತಿಲ್ಲ. ಬ್ಯಾಗ ಅಂತೆ."

"ನೋವಾಗ್ತದಾ?"

"ಆಯ್ತದೆ. ಮಾತ್ರೆ ಕೊಟ್ಟವ್ರೆ."

ಜಾನು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. "ನಿನ್ನನ್ನೂ ಸುಡ್ತಾರಾ?"

"ಇಲ್ಲ. ಕೂರಿಸಿ ಮಣ್ಣು ಮಾಡ್ತಾರೆ. ನೀನೂ ಬಾ. ಎಲ್ಲಾನೂ ನೋಡು. ಯಾರೂ ನಿನ್ನ ನಾಲೆ ತಾವ ಕಳ್ಸಲ್ಲ."

"ನಾಳೆ ನಾನು ಸ್ಕೂಲಿಗೆ ಹೋಗಲ್ಲ."

"ಹೋಗ್ಬ್ಯಾಡ. ಇಲ್ಲೇ ಇರು."

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಪ್ಪ ಮುಖ ಮುಚ್ಚಿಕೊಂಡಿದ್ದರು. ಹೊರಗೆ ಜಗಲಿಯಲ್ಲಿ ಚಿಕ್ಕಪ್ಪ ಬಿಕ್ಕುವುದು ಕೇಳುತ್ತಿತ್ತು. ಜಾನು ಸ್ವಲ್ಪ ಹೊತ್ತು ಅದನ್ನು ಆಲಿಸಿದಳು. ಆಮೇಲೆ ಮಂಚದಿಂದ ಇಳಿದು ಹೊರಗೆ ಹೋಗಿ, ತಂದೆಯ ತೋಳು ಹಿಡಿದು ಎಬ್ಬಿಸಿದಳು.

"ಅಪ್ಪಾ, ಒಳಗೆ ಬಾ. ಅಜ್ಜಿ ಇನ್ನೂ ಇದಾಳೆ."